ಲಿಂಕನ್ ಹುಟ್ಟಿದ ಹೊಲಕ್ಕೆ ಹೋಗುವಿರಾದರೆ: ಮೊದಲು ಒರತೆ, ಆಮೇಲೆ ಮೆಟ್ಟಿಲು

ಕೆಂಟಕಿ ರಾಜ್ಯದ ಹಾಜನ್‌ವಿಲ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು ಮೂರು ಮೈಲಿ ಹೋದರೆ ಒಂದು ದಿಣ್ಣೆ ಸಿಗುತ್ತದೆ. ದಿಣ್ಣೆಯ ಮೇಲೆ ಗ್ರೀಕ್ ದೇಗುಲದಂತಹ ಕಲ್ಲಿನ ಕಟ್ಟಡ, ಅದರೊಳಗೆ ಮರದ ದಿಮ್ಮಿಗಳ ಒಂದು ಪುಟ್ಟ ಗುಡಿಸಲು. ಅಮೆರಿಕದ 16ನೆಯ ಅಧ್ಯಕ್ಷ ಅಬ್ರಹಾಂ ಲಿಂಕನ್ 1809ರ ಫೆಬ್ರುವರಿ 12ರಂದು ಹುಟ್ಟಿದ್ದು ಈ ಹೊಲದಲ್ಲಿ. ಬರುವವರಲ್ಲಿ ಹಲವರು ಕಾರು ನಿಲ್ಲಿಸಿ, ಮೆಟ್ಟಿಲು ಹತ್ತಿ, ಗುಡಿಸಲನ್ನು ಕಂಡು, ಫೋಟೊ ತೆಗೆದುಕೊಂಡು ಅರ್ಧ ಗಂಟೆಯೊಳಗೆ ಹೊರಟುಬಿಡುತ್ತಾರೆ. ಮೊದಲ ಸಲ ನಾನೂ ಹಾಗೆಯೇ ಮಾಡಿದೆ. ನಿಜಕ್ಕೂ ನೋಡಬೇಕಾದದ್ದು ಮೆಟ್ಟಿಲುಗಳ ಬುಡದಲ್ಲಿಯೇ ಇತ್ತು ಎಂಬುದು ತಿಳಿದದ್ದು ಎರಡನೆಯ ಭೇಟಿಯಲ್ಲಿ.

ಮೇಲಿರುವ ಗುಡಿಸಲು ಲಿಂಕನ್ ಹುಟ್ಟಿದ ಗುಡಿಸಲು ಅಲ್ಲ. ಕೆಳಗಿರುವ ಒರತೆ ಮಾತ್ರ ಅವರ ಕಾಲದ್ದೇ. ಇಷ್ಟು ಮೊದಲೇ ತಿಳಿದಿದ್ದರೆ ಇಡೀ ಭೇಟಿಯ ಕ್ರಮ ಬದಲಾಗುತ್ತದೆ, ಕಣ್ಣಿಗೆ ಬೀಳುವ ವಸ್ತುಗಳೂ ಬದಲಾಗುತ್ತವೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬಂದ ಹಿರಿಯರು, ಅಲ್ಲಿಯೇ ನೆಲೆಸಿರುವ ಕುಟುಂಬಗಳು, ಲೂಯಿವಿಲ್ ಅಥವಾ ನ್ಯಾಶ್‌ವಿಲ್ ಕಡೆ ಕೆಲಸಕ್ಕೆ ಹೋದವರು, ಯಾರಾದರೂ ಒಂದು ದಿನ ಬಿಡುವು ಮಾಡಿಕೊಂಡು ಹೋಗಬಹುದಾದ ಜಾಗ ಇದು. ಆ ಒಂದು ದಿನವನ್ನು ಹೇಗೆ ಕಳೆಯಬೇಕು ಎಂಬುದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಹೊರಡುವ ಮುನ್ನ

ಮೊದಲು ಹೆಸರನ್ನು ಸರಿಯಾಗಿ ಹುಡುಕಿ. ಲಿಂಕನ್ ಹೆಸರಿನ ಸ್ಮಾರಕಗಳು ಹಲವು ಇರುವುದರಿಂದ ಮೊಬೈಲಿನ ನಕ್ಷೆಯಲ್ಲಿ ದಾರಿ ತಪ್ಪುವುದು ಸುಲಭ. ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವುದು ಅವರು ವಕೀಲರಾಗಿದ್ದಾಗ ವಾಸವಿದ್ದ ಮನೆ. ಇಂಡಿಯಾನಾ ರಾಜ್ಯದಲ್ಲಿರುವುದು ಏಳನೆಯ ವಯಸ್ಸಿನಿಂದ ಇಪ್ಪತ್ತೊಂದರವರೆಗೆ ಬೆಳೆದ ಜಾಗ. ಕೆಂಟಕಿಯಲ್ಲಿಯೂ ಒಂದು ಸ್ಪ್ರಿಂಗ್‌ಫೀಲ್ಡ್ ಇದೆ, ಅದರ ಹತ್ತಿರ ಲಿಂಕನ್ ಅವರ ತಂದೆಯ ಕಡೆಯವರ ನೆನಪಿಗೆ ಮಾಡಿದ ರಾಜ್ಯ ಉದ್ಯಾನವೂ ಇದೆ. ನೀವು ಹುಡುಕಬೇಕಾದದ್ದು ‘ಅಬ್ರಹಾಂ ಲಿಂಕನ್ ಬರ್ತ್‌ಪ್ಲೇಸ್ ನ್ಯಾಷನಲ್ ಹಿಸ್ಟಾರಿಕಲ್ ಪಾರ್ಕ್’, ಊರು ಹಾಜನ್‌ವಿಲ್.

ಈ ಉದ್ಯಾನಕ್ಕೆ ಎರಡು ತುಂಡುಗಳಿವೆ ಎಂಬುದೂ ನೆನಪಿರಲಿ. ಒಂದು, ಹುಟ್ಟಿದ ಜಾಗವಾದ ಸಿಂಕಿಂಗ್ ಸ್ಪ್ರಿಂಗ್ ಹೊಲ. ಇನ್ನೊಂದು, ಅಲ್ಲಿಂದ ಸುಮಾರು ಹತ್ತು ಮೈಲಿ ಈಶಾನ್ಯಕ್ಕಿರುವ ನಾಬ್ ಕ್ರೀಕ್. ಎರಡನೆಯದನ್ನು ಬಿಟ್ಟು ಬರುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ, ಏಕೆಂದು ಮುಂದೆ ಹೇಳುತ್ತೇನೆ.

ಪ್ರವೇಶಕ್ಕೆ ಹಣವಿಲ್ಲ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್ಮಸ್ ಮತ್ತು ಹೊಸ ವರ್ಷದ ದಿನ ಬಾಗಿಲು ಹಾಕಿರುತ್ತದೆ. ಉಳಿದ ದಿನಗಳ ವೇಳೆಯೂ ಋತುವಿಗೆ ತಕ್ಕಂತೆ ಬದಲಾಗುವುದುಂಟು, ಆದ್ದರಿಂದ ಹೊರಡುವ ಹಿಂದಿನ ದಿನ ರಾಷ್ಟ್ರೀಯ ಉದ್ಯಾನ ಸೇವೆಯ ಜಾಲತಾಣದಲ್ಲಿ ನೋಡಿಕೊಳ್ಳಿ. ಬೇಸಿಗೆಯಲ್ಲಿ ಹೋಗುವುದಾದರೆ ನೀರಿನ ಬಾಟಲಿ, ಟೋಪಿ, ಪೂರ್ತಿ ಕಾಲು ಮುಚ್ಚುವ ಬಟ್ಟೆ ಇರಲಿ. ಹುಲ್ಲಿನಲ್ಲಿ ಉಣ್ಣೆ ಹುಳುಗಳ ಕಾಟವಿರುತ್ತದೆ. ಫೆಬ್ರುವರಿ 12ರ ಸುಮಾರಿಗೆ ಹೋದರೆ ಹುಟ್ಟುಹಬ್ಬದ ಕಾರ್ಯಕ್ರಮ ಸಿಗಬಹುದು, ಆದರೆ ಚಳಿ ಕಠಿಣ. ನನ್ನ ಆಯ್ಕೆ ಅಕ್ಟೋಬರ್. ಎಲೆಗಳು ಬಣ್ಣ ತಿರುಗಿರುತ್ತವೆ, ನಡೆಯಲು ಹಿತವಾಗಿರುತ್ತದೆ.

ದಾರಿ ಮತ್ತು ಗಡಿಯಾರ

ಹಾಜನ್‌ವಿಲ್‌ಗೆ ರೈಲಿಲ್ಲ. ಕಾರು ಬೇಕೇ ಬೇಕು. ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಲೂಯಿವಿಲ್‌ನದು, ಅಲ್ಲಿಂದ ಸುಮಾರು ಒಂದು ಗಂಟೆಯ ದಾರಿ. 65ನೆಯ ಅಂತರರಾಜ್ಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬಂದು ಎಲಿಜಬೆತ್‌ಟೌನ್ ಬಳಿ 91ನೆಯ ನಿರ್ಗಮನದಲ್ಲಿ ಇಳಿದು, 61ನೆಯ ರಾಜ್ಯ ರಸ್ತೆ ಹಿಡಿಯಬೇಕು. ನ್ಯಾಶ್‌ವಿಲ್ ಕಡೆಯಿಂದ ಉತ್ತರಕ್ಕೆ ಬರುವವರು 81ನೆಯ ನಿರ್ಗಮನದಲ್ಲಿ, ಅಂದರೆ ಸೊನೋರಾ ಎಂಬಲ್ಲಿ, ಹೊರಳಿಕೊಂಡರೆ ಹತ್ತಿರ.

ನ್ಯಾಶ್‌ವಿಲ್‌ನಿಂದ ಬರುವವರು ಗಡಿಯಾರದ ಮೇಲೆ ಒಂದು ಕಣ್ಣಿಡಬೇಕು. ನ್ಯಾಶ್‌ವಿಲ್ ಇರುವುದು ಕೇಂದ್ರ ಸಮಯ ವಲಯದಲ್ಲಿ, ಹಾಜನ್‌ವಿಲ್ ಇರುವುದು ಪೂರ್ವ ಸಮಯ ವಲಯದಲ್ಲಿ. ಬರುವಾಗ ಒಂದು ಗಂಟೆ ಕೈತಪ್ಪುತ್ತದೆ. ಮ್ಯಾಮತ್ ಗುಹೆಗಳನ್ನು ಬೆಳಿಗ್ಗೆ ನೋಡಿ ಮಧ್ಯಾಹ್ನ ಇಲ್ಲಿಗೆ ಬರೋಣವೆಂದು ಲೆಕ್ಕ ಹಾಕುವವರು ಸಿಕ್ಕಿಬೀಳುವುದು ಇಲ್ಲಿಯೇ, ಆ ಗುಹೆಗಳೂ ಕೇಂದ್ರ ಸಮಯದಲ್ಲಿಯೇ ಇವೆ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಬಂದು ನಿಲ್ಲುವ ಬದಲು ಬೆಳಿಗ್ಗೆಯೇ ಇಲ್ಲಿಗೆ ಬನ್ನಿ, ಗುಹೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಮಾಹಿತಿ ಕೇಂದ್ರದಲ್ಲಿ ಇಪ್ಪತ್ತು ನಿಮಿಷ

ಕಾರು ನಿಲ್ಲಿಸಿದ ಕೂಡಲೇ ಮಾಹಿತಿ ಕೇಂದ್ರಕ್ಕೆ ಹೋಗಿ. ಒಂದು ಚಿಕ್ಕ ಚಿತ್ರ ತೋರಿಸುತ್ತಾರೆ. ನಕ್ಷೆಯನ್ನು ಕೇಳಿ ಪಡೆಯಿರಿ. ಮಕ್ಕಳಿದ್ದರೆ ‘ಜೂನಿಯರ್ ರೇಂಜರ್’ ಪುಸ್ತಿಕೆ ಕೇಳಿ. ಅದರಲ್ಲಿರುವ ಪ್ರಶ್ನೆಗಳಿಗೆ ಸುತ್ತಾಡಿ ಉತ್ತರ ಹುಡುಕಿ ತಂದರೆ ಸಿಬ್ಬಂದಿ ಮಕ್ಕಳಿಂದ ಪ್ರತಿಜ್ಞೆ ಮಾಡಿಸಿ ಬಿಲ್ಲೆ ಕೊಡುತ್ತಾರೆ. ದೊಡ್ಡವರ ಮಾತಿಗೆ ಬೇಸತ್ತು ಕಾರಿಗೆ ಓಡುವ ಮಕ್ಕಳನ್ನೂ ಆ ಪುಸ್ತಿಕೆ ಎರಡು ಗಂಟೆ ಹಿಡಿದು ನಿಲ್ಲಿಸುತ್ತದೆ.

ಇಲ್ಲಿ ತಿಳಿದುಕೊಳ್ಳಬೇಕಾದ ಮುಖ್ಯ ಸಂಗತಿ ಜಮೀನಿನದು. ಲಿಂಕನ್ ಅವರ ತಂದೆ ಥಾಮಸ್ ಲಿಂಕನ್ 1808ರ ಡಿಸೆಂಬರ್‌ನಲ್ಲಿ ಈ ಹೊಲವನ್ನು 200 ಡಾಲರ್ ನಗದು ಕೊಟ್ಟು, ಹಳೆಯ ಸಾಲವೊಂದನ್ನೂ ತಲೆಯ ಮೇಲೆ ಹೊತ್ತುಕೊಂಡು ಕೊಂಡರು. 300 ಎಕರೆಗೂ ಹೆಚ್ಚು, ಆದರೆ ಒಳ್ಳೆಯ ಮಣ್ಣಲ್ಲ. ಜೊತೆಗೆ ತಾಯಿ ನ್ಯಾನ್ಸಿ ಹ್ಯಾಂಕ್ಸ್, ಹಿರಿಯ ಮಗಳು ಸಾರಾ. ಎರಡೇ ತಿಂಗಳಲ್ಲಿ ಅಬ್ರಹಾಂ ಹುಟ್ಟಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಹಕ್ಕುಪತ್ರದ ತಕರಾರು ಎದ್ದು, 1811ರಲ್ಲಿ ಕುಟುಂಬ ಈ ನೆಲವನ್ನು ಬಿಡಬೇಕಾಯಿತು. ಆ ಕಾಲದ ಕೆಂಟಕಿಯಲ್ಲಿ ಸರ್ಕಾರದ ಕ್ರಮಬದ್ಧ ಸರ್ವೆ ಇರಲಿಲ್ಲ. ಮರ, ಕಲ್ಲು, ತೊರೆಗಳನ್ನೇ ಗುರುತು ಮಾಡಿ ಗಡಿ ಬರೆಯುತ್ತಿದ್ದರು, ಒಬ್ಬರ ಗಡಿ ಇನ್ನೊಬ್ಬರ ಗಡಿಯ ಮೇಲೆ ಬೀಳುತ್ತಿತ್ತು. ಈ ಹೊಲದ ಗಡಿಗುರುತೇ ಒಂದು ದೊಡ್ಡ ಬಿಳಿ ಓಕ್ ಮರ. 1805ರ ಸರ್ವೆಯಲ್ಲಿ ಅದರ ಉಲ್ಲೇಖವಿದೆ. ಮಗು ಅಬ್ರಹಾಂ ಹುಟ್ಟಿದಾಗ ಇದ್ದ ಕೊನೆಯ ಜೀವಸಾಕ್ಷಿ ಎಂದು ಜನ ಅದನ್ನು ಪ್ರೀತಿಸುತ್ತಿದ್ದರು. 1976ರಲ್ಲಿ ಆ ಮರ ಸತ್ತಿತು. ಅದು ನಿಂತಿದ್ದ ಜಾಗಕ್ಕೆ ಹೋಗಲು ಒಂದು ಕಾಲುದಾರಿ ಇದೆ, ಹೆಚ್ಚು ದೂರವೇನಿಲ್ಲ. ಬರಿಯ ನೆಲವನ್ನು ನೋಡಲು ಯಾಕೆ ಹೋಗಬೇಕು ಎನಿಸಬಹುದು. ಹಕ್ಕುಪತ್ರಕ್ಕಾಗಿ ಕೋರ್ಟು ಅಲೆದ ಮನೆತನದವರಾಗಿದ್ದರೆ ಆ ಜಾಗದಲ್ಲಿ ನಿಂತಾಗ ನಿಮಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಒರತೆಗೆ ಇಳಿಯಿರಿ

ಈಗ ಮೆಟ್ಟಿಲು ಕಾಣುತ್ತದೆ, ಕಾಲು ತಾನಾಗಿಯೇ ಅತ್ತ ಹೋಗುತ್ತದೆ. ತಡೆಯಿರಿ. ಮೆಟ್ಟಿಲುಗಳ ಬುಡದಲ್ಲಿ ಒಂದು ಪಕ್ಕಕ್ಕೆ ನೆಲ ತಗ್ಗಾಗಿ, ಕಲ್ಲಿನ ಪಾವಟಿಗೆಗಳು ಕೆಳಗಿಳಿಯುತ್ತವೆ. ಅಲ್ಲಿದೆ ಒರತೆ.

ಬಂಡೆಯ ಸಂದಿನಿಂದ ನೀರು ತೊಟ್ಟಿಕ್ಕುತ್ತದೆ, ಕೆಳಗೆ ಬಿದ್ದು, ಎಲ್ಲಿಗೂ ಹರಿಯದೆ, ಅಲ್ಲಿಯೇ ನೆಲದೊಳಗೆ ಇಳಿದುಹೋಗುತ್ತದೆ. ಸಿಂಕಿಂಗ್ ಸ್ಪ್ರಿಂಗ್ ಎಂಬ ಹೆಸರು ಬಂದದ್ದು ಹಾಗೆ, ಇಂಗುವ ಒರತೆ. ಈ ಸೀಮೆಯ ನೆಲವೆಲ್ಲ ಸುಣ್ಣಕಲ್ಲು. ಮಳೆನೀರು ಕಲ್ಲನ್ನು ಕರಗಿಸುತ್ತ ಕೆಳಗೆ ಪೊಳ್ಳುಗಳನ್ನು, ಗುಹೆಗಳನ್ನು ಮಾಡುತ್ತದೆ. ದಕ್ಷಿಣದ ಮ್ಯಾಮತ್ ಗುಹೆಗಳು ಆದದ್ದೂ ಇದೇ ಬಗೆಯಲ್ಲಿ. ಹೀಗಿರುವ ನೆಲದಲ್ಲಿ ಮೇಲ್ಮೈ ನೀರು ನಿಲ್ಲುವುದಿಲ್ಲ, ಆದ್ದರಿಂದ ಬತ್ತದ ಒರತೆ ಇರುವ ಹೊಲಕ್ಕೆ ಬೆಲೆ. ಮಣ್ಣು ಬಡವಾಗಿದ್ದರೂ ನೀರಿನ ಆಸರೆಯನ್ನು ನಂಬಿ ಕುಟುಂಬವೊಂದು ಇಲ್ಲಿ ನೆಲೆ ನಿಲ್ಲಬಹುದಿತ್ತು.

ಇಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಬೇಸಿಗೆಯಲ್ಲಿಯೂ ಆ ತಗ್ಗಿನಲ್ಲಿ ತಂಪು ಬೇರೆಯೇ. ಬಾಣಂತಿ ನ್ಯಾನ್ಸಿಗೆ ನೀರು ಬಂದದ್ದು, ಮಗುವಿಗೆ ಮೊದಲ ಸ್ನಾನವಾದದ್ದು ಈ ನೀರಿನಲ್ಲಿಯೇ ಇರಬೇಕು. ಅದಕ್ಕೆ ದಾಖಲೆ ಬೇಕಿಲ್ಲ, ಮನೆಯ ಪಕ್ಕದಲ್ಲಿ ಒರತೆ ಇರುವಾಗ ಬೇರೆಲ್ಲಿಗೆ ಹೋಗುತ್ತಾರೆ? ಪಾವಟಿಗೆ ಒದ್ದೆಯಾಗಿ ಜಾರುತ್ತದೆ, ಹಿರಿಯರ ಕೈ ಹಿಡಿದುಕೊಳ್ಳಿ. ತೀರ್ಥವೆಂದು ಬೊಗಸೆಯೊಡ್ಡುವ ಮನಸ್ಸಾದರೂ ಕುಡಿಯಬೇಡಿ, ಇಂತಹ ನೆಲದಲ್ಲಿ ಮೇಲಿನ ಕೊಳೆ ಸೋಸದೆ ನೇರವಾಗಿ ಒರತೆಗೆ ಬರುತ್ತದೆ.

ಈಗ 56 ಮೆಟ್ಟಿಲು

ಲಿಂಕನ್ ಬದುಕಿದ್ದು 56 ವರ್ಷ. ಒಂದು ವರ್ಷಕ್ಕೆ ಒಂದರಂತೆ 56 ಮೆಟ್ಟಿಲು. ಮಕ್ಕಳೊಂದಿಗೆ ಹತ್ತುವಾಗ ನಾನು ಸೂಚಿಸುವ ಕ್ರಮ ಹೀಗೆ: ಎಣಿಸುತ್ತ ಹತ್ತಿ. ಎರಡನೆಯ ಮೆಟ್ಟಿಲಿನಲ್ಲಿ ಈ ಹೊಲ ಬಿಟ್ಟರು. ಏಳನೆಯದರಲ್ಲಿ ಕೆಂಟಕಿಯನ್ನೇ ಬಿಟ್ಟರು. ಒಂಬತ್ತನೆಯದರಲ್ಲಿ ತಾಯಿ ತೀರಿಕೊಂಡರು. ಅಲ್ಲಿಂದ ಬಹು ದೂರ ಹತ್ತಬೇಕು. ಅಧ್ಯಕ್ಷರಾಗುವುದು 52ನೆಯ ಮೆಟ್ಟಿಲಿನಲ್ಲಿ. ಗುಲಾಮರ ವಿಮೋಚನೆಯ ಘೋಷಣೆ 1863ರ ಜನವರಿ 1ರಂದು, ಇನ್ನು ಎರಡು ಮೆಟ್ಟಿಲು ಮೇಲೆ ಹೋಗುವ ಮುನ್ನ. ಅಲ್ಲಿಗೆ ಬಾಗಿಲು ಬಂದೇಬಿಡುತ್ತದೆ. ಯಾವ ಪುಸ್ತಕವೂ ಆ ಕೊನೆಯ ನಾಲ್ಕು ವರ್ಷ ಎಷ್ಟು ಕಡಿಮೆ ಎಂಬುದನ್ನು ಕಾಲಿಗೆ ತಿಳಿಯುವಂತೆ ಹೇಳಲಾರದು.

ಮಂಡಿ ನೋವಿನವರು, ಗಾಲಿಕುರ್ಚಿಯವರು ಮೆಟ್ಟಿಲು ಹತ್ತಬೇಕಿಲ್ಲ. ಮಾಹಿತಿ ಕೇಂದ್ರದ ಕಡೆಯಿಂದ ಕಟ್ಟಡದವರೆಗೆ ಹಲಗೆ ಹಾಸಿದ ಹಾದಿ ಇದೆ. ಮನೆಯ ಹಿರಿಯರನ್ನು ಕಾರಿನಲ್ಲಿ ಕೂರಿಸಿ ಹೋಗುವ ಅಗತ್ಯ ಖಂಡಿತ ಇಲ್ಲ.

ಕಟ್ಟಡದ ಕಥೆ ದೊಡ್ಡದು. 1906ರಲ್ಲಿ ರೂಪುಗೊಂಡ ಲಿಂಕನ್ ಫಾರ್ಮ್ ಅಸೋಸಿಯೇಷನ್ ಎಂಬ ಸಂಘ ದೇಶವೆಲ್ಲ ಚಂದಾ ಎತ್ತಿತು. ಮಾರ್ಕ್ ಟ್ವೇನ್ ಅವರೂ ಅದರಲ್ಲಿದ್ದರು. ಒಂದು ಲಕ್ಷಕ್ಕೂ ಹೆಚ್ಚು ಜನ ಹಣ ಕೊಟ್ಟರು, 25 ಸೆಂಟ್‌ಗಳ ಕಾಣಿಕೆಯೂ ಸ್ವೀಕಾರವಾಯಿತು, ಒಟ್ಟು 3,50,000 ಡಾಲರ್ ಕೂಡಿತು. ವಿನ್ಯಾಸ ಜಾನ್ ರಸೆಲ್ ಪೋಪ್ ಅವರದು. 1909ರ ಫೆಬ್ರುವರಿ 12ರಂದು, ಲಿಂಕನ್ ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅಡಿಗಲ್ಲು ಇಟ್ಟರು. 1911ರಲ್ಲಿ ಅಧ್ಯಕ್ಷ ಟಾಫ್ಟ್ ಲೋಕಾರ್ಪಣೆ ಮಾಡಿದರು. ವಾಷಿಂಗ್ಟನ್ನಿನ ಪ್ರಸಿದ್ಧ ಲಿಂಕನ್ ಸ್ಮಾರಕ ತೆರೆದದ್ದು ಇದಾದ ಹನ್ನೊಂದು ವರ್ಷಕ್ಕೆ, 1922ರಲ್ಲಿ. ಒಳಗೆ ಹೋದ ಮೇಲೆ ಕಿಟಕಿಗಳನ್ನು ಎಣಿಸಿ, 16. ಚಾವಣಿಯ ಹೂಗಳನ್ನು ಎಣಿಸಿ, ಅವೂ 16. ಹದಿನಾರನೆಯ ಅಧ್ಯಕ್ಷರೆಂಬ ಕಾರಣಕ್ಕೆ.

ಗುಡಿಸಲಿನ ಎದುರು ನಿಂತಾಗ

ನಡುವೆ ಇದೆ ಗುಡಿಸಲು. ಒಂದು ಬಾಗಿಲು, ಒಂದು ಕಿಟಕಿ, ಮಣ್ಣು ಮೆತ್ತಿದ ದಿಮ್ಮಿಗಳು. ಒಳಗೆ ಬಿಡುವುದಿಲ್ಲ, ಮುಟ್ಟುವಂತಿಲ್ಲ. ಸುತ್ತ ಬಂದು ನೋಡಬೇಕು.

ಇದರ ಮೂಲವನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಈ ಜಾಗದ ನಿಜವಾದ ಪಾಠ ಇರುವುದು ಇದರಲ್ಲಿ. 1894ರಲ್ಲಿ ಆಲ್ಫ್ರೆಡ್ ಡೆನೆಟ್ ಎಂಬ ನ್ಯೂಯಾರ್ಕಿನ ವ್ಯಾಪಾರಿ ಈ ಹೊಲ ಕೊಂಡರು. ಲಿಂಕನ್ ಅವರ ಗುಡಿಸಲಿನ ದಿಮ್ಮಿಗಳು ನೆರೆಯ ಹೊಲದ ಮನೆಯೊಂದರಲ್ಲಿ ಸೇರಿವೆ ಎಂಬ ಊರಿನ ಮಾತನ್ನು ನಂಬಿ ಆ ಮನೆಯನ್ನು ಬಿಚ್ಚಿ ತಂದು ಇಲ್ಲಿ ನಿಲ್ಲಿಸಲಾಯಿತು. ಜನ ಬರಲಿಲ್ಲ. ಮತ್ತೆ ಬಿಚ್ಚಿ ಊರೂರಿಗೆ ಪ್ರದರ್ಶನಕ್ಕೆ ಒಯ್ದರು. 1897ರಲ್ಲಿ ನ್ಯಾಶ್‌ವಿಲ್‌ನ ಪ್ರದರ್ಶನದಲ್ಲಿ ಇದರ ಜೊತೆಗೇ ಜೆಫರ್ಸನ್ ಡೇವಿಸ್ ಹುಟ್ಟಿದ್ದೆಂದು ಹೇಳಲಾದ ಗುಡಿಸಲೂ ಇತ್ತು. ಡೇವಿಸ್ ಎಂದರೆ ಅಂತರ್ಯುದ್ಧದಲ್ಲಿ ಲಿಂಕನ್ ವಿರುದ್ಧ ನಿಂತ ದಕ್ಷಿಣದ ಒಕ್ಕೂಟದ ಅಧ್ಯಕ್ಷ, ಅವರೂ ಕೆಂಟಕಿಯಲ್ಲಿಯೇ ಹುಟ್ಟಿದವರು. ಎರಡೂ ಗುಡಿಸಲುಗಳ ದಿಮ್ಮಿಗಳು ಸಾಗಾಟದಲ್ಲಿ ಬೆರೆತುಹೋದವೆಂಬ ಮಾತು ಅಂದಿನಿಂದಲೂ ಇದೆ. 1906ರಲ್ಲಿ ಸಂಘ ದಿಮ್ಮಿಗಳನ್ನು ಕೊಂಡಿತು. ಕಲ್ಲಿನ ಕಟ್ಟಡದೊಳಗೆ ಸುತ್ತಲೂ ಜನ ಓಡಾಡಲು ಜಾಗ ಸಾಲದೆಂದು ಗುಡಿಸಲಿನ ಅಳತೆಯನ್ನೂ ಕಿರಿದು ಮಾಡಿದರು.

ಕೊನೆಗೆ 2004ರಲ್ಲಿ ದಿಮ್ಮಿಗಳ ಉಂಗುರಗಳನ್ನು ಎಣಿಸುವ ಪರೀಕ್ಷೆ ನಡೆಯಿತು. ಅತ್ಯಂತ ಹಳೆಯ ದಿಮ್ಮಿಯೂ 1848ರದು ಎಂದು ತಿಳಿಯಿತು. ಆ ವರ್ಷ ಲಿಂಕನ್ ಅವರಿಗೆ 39 ವಯಸ್ಸು, ಅವರು ವಾಷಿಂಗ್ಟನ್ನಿನಲ್ಲಿ ಪ್ರತಿನಿಧಿ ಸಭೆಯ ಸದಸ್ಯರಾಗಿದ್ದರು.

ಕಟ್ಟಡದ ಮೇಲಿನ ಶಾಸನ ಮಾತ್ರ ಇಂದಿಗೂ, ಲಿಂಕನ್ ಹುಟ್ಟಿದ ಗುಡಿಸಲಿನ ಮೇಲೆ ಕೃತಜ್ಞ ಜನತೆ ಈ ಸ್ಮಾರಕವನ್ನು ಕಟ್ಟಿತೆಂದು ಹೇಳುತ್ತದೆ. ಉದ್ಯಾನದವರು ಅದನ್ನು ಅಳಿಸಿಲ್ಲ, ಸತ್ಯವನ್ನೂ ಮುಚ್ಚಿಟ್ಟಿಲ್ಲ. ಇದು ‘ಸಾಂಕೇತಿಕ’ ಗುಡಿಸಲು ಎಂದು ತಾವೇ ಸ್ಪಷ್ಟವಾಗಿ ಹೇಳುತ್ತಾರೆ. ಪೂಜ್ಯವೆಂದು ನಂಬಿದ ವಸ್ತುವನ್ನು ಪರೀಕ್ಷೆಗೆ ಕೊಟ್ಟು, ಬಂದ ಫಲಿತಾಂಶವನ್ನು ಬಂದವರಿಗೆಲ್ಲ ತಿಳಿಸುವ ಈ ನಡೆ ನನಗೆ ಗುಡಿಸಲಿಗಿಂತ ದೊಡ್ಡದಾಗಿ ಕಂಡಿತು. ಅಲ್ಲಿರುವ ಸಿಬ್ಬಂದಿಯನ್ನು ಮಾತನಾಡಿಸಿ, ಇದು ನಿಜವಾದದ್ದೇ ಎಂದು ನೇರವಾಗಿ ಕೇಳಿ. ಆ ಪ್ರಶ್ನೆಗೆ ಅವರು ಬೇಸರಪಡುವುದಿಲ್ಲ.

ಹಾಗಾದರೆ ಇದನ್ನು ನೋಡುವುದೇಕೆ? ಗಾತ್ರಕ್ಕಾಗಿ. ಒಂದೇ ಕೋಣೆ, ಮಣ್ಣಿನ ನೆಲ, ಅದರಲ್ಲಿಯೇ ಒಲೆ, ಹಾಸಿಗೆ, ನಾಲ್ಕು ಜನ. ಅಂದಿನ ಗಡಿನಾಡಿನ ಬಡ ರೈತನ ಮನೆ ಹೀಗೆಯೇ ಇರುತ್ತಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಕಣ್ಣಳತೆಯಲ್ಲಿ ನಿಮ್ಮ ಮನೆಯ ಒಂದು ಕೋಣೆಗೆ ಹೋಲಿಸಿ ನೋಡಿ. ಸುತ್ತಲಿನ ಅಮೃತಶಿಲೆ ಆ ಬಡತನವನ್ನು ಕೊಂಚ ಮರೆಸುತ್ತದೆ ಎಂಬುದು ನನ್ನ ತಕರಾರು. ಬಯಲಿನಲ್ಲಿ, ಮಳೆಗಾಳಿಗೆ ಒಡ್ಡಿಕೊಂಡು ನಿಂತಿದ್ದರೆ ಅದು ಇನ್ನೂ ಹೆಚ್ಚು ಮಾತನಾಡುತ್ತಿತ್ತು.

ಊಟಕ್ಕೆ ಊರಿನ ಚೌಕ

ಮಧ್ಯಾಹ್ನ ಹಾಜನ್‌ವಿಲ್ ಚೌಕಕ್ಕೆ ಬನ್ನಿ. ಪುಟ್ಟ ಊರು, ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಬುತ್ತಿ ಕಟ್ಟಿಕೊಂಡು ಬರುವುದೇ ಮೇಲು. ಚೌಕದ ನಡುವೆ ಅಡಾಲ್ಫ್ ವೈನ್‌ಮನ್ ಮಾಡಿದ ಲಿಂಕನ್ ಅವರ ಕುಳಿತ ಕಂಚಿನ ಪ್ರತಿಮೆ ಇದೆ, 1909ರಲ್ಲಿ ಅನಾವರಣವಾದದ್ದು. ಎದುರಿಗೇ ಬಾಲಕ ಲಿಂಕನ್ ಪ್ರತಿಮೆಯನ್ನು ಬಹಳ ಕಾಲದ ಮೇಲೆ ನಿಲ್ಲಿಸಿದರು. ಚೌಕದ ಅಂಚಿನ ಲಿಂಕನ್ ಮ್ಯೂಸಿಯಂನಲ್ಲಿ ಅವರ ಬದುಕಿನ ದೃಶ್ಯಗಳನ್ನು ಮೇಣದ ಬೊಂಬೆಗಳಲ್ಲಿ ಮಾಡಿಟ್ಟಿದ್ದಾರೆ. ಅದಕ್ಕೆ ಟಿಕೆಟ್ ಇದೆ. ಸಮಯ ಸಾಲದಿದ್ದರೆ ಮ್ಯೂಸಿಯಂ ಬಿಡಿ, ನಾಬ್ ಕ್ರೀಕ್ ಬಿಡಬೇಡಿ.

ನಾಬ್ ಕ್ರೀಕ್

31ಇ ಹೆದ್ದಾರಿಯಲ್ಲಿ ಈಶಾನ್ಯಕ್ಕೆ ಹೋದಂತೆ ನೆಲ ಏಳತೊಡಗುತ್ತದೆ. ಎರಡೂ ಕಡೆ ಕಡಿದಾದ ಗುಡ್ಡಗಳು, ನಡುವೆ ಕಿರಿದಾದ ಕಣಿವೆ, ಒಂದು ತೊರೆ. 1811ರಿಂದ 1816ರವರೆಗೆ ಲಿಂಕನ್ ಕುಟುಂಬ ಇಲ್ಲಿ 30 ಎಕರೆ ಗೇಣಿಗೆ ಹಿಡಿದು ಬದುಕಿತು. ತನ್ನ ಮೊದಲ ನೆನಪು ಈ ಜಾಗದ್ದು ಎಂದು ಲಿಂಕನ್ ಅವರೇ ಬರೆದಿದ್ದಾರೆ. ಹುಟ್ಟಿದ ಹೊಲದ ನೆನಪು ಅವರಿಗೆ ಇರಲಿಲ್ಲ, ಇದರದ್ದು ಇತ್ತು. ಆ ಕಾರಣಕ್ಕಾಗಿಯೇ ಇದನ್ನು ಬಿಡಬಾರದು ಎಂದದ್ದು.

ಇಲ್ಲಿಯೂ ಒಂದು ದಿಮ್ಮಿಯ ಗುಡಿಸಲಿದೆ, ಅದೂ ಲಿಂಕನ್ ಅವರದಲ್ಲ. ನೆರೆಯ ಗೊಲಹರ್ ಕುಟುಂಬದ್ದೆಂದು ಹೇಳುವ ಗುಡಿಸಲು. ಆ ಮನೆಯ ಹುಡುಗ ಆಸ್ಟಿನ್, ಉಕ್ಕಿದ ತೊರೆಗೆ ಬಿದ್ದ ಅಬ್ರಹಾಂನನ್ನು ಎಳೆದು ದಡ ಸೇರಿಸಿದನೆಂದು ಊರಿನವರು ಹೇಳುತ್ತಾರೆ. ತೊರೆಯ ದಡಕ್ಕೆ ಹೋಗಿ ನಿಂತರೆ, ಮಳೆ ಬಂದಾಗ ಅದು ಹೇಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಇಲ್ಲಿ ಎಲ್ಲ ತಿಂಗಳೂ ಸಿಬ್ಬಂದಿ ಇರುವುದಿಲ್ಲ, ಹಾಗಾಗಿ ಕೇಳಬೇಕಾದದ್ದನ್ನು ಬೆಳಿಗ್ಗೆಯೇ ಮಾಹಿತಿ ಕೇಂದ್ರದಲ್ಲಿ ಕೇಳಿಕೊಂಡು ಬನ್ನಿ.

ಎದುರಿನ ರಸ್ತೆಯನ್ನೂ ನೋಡಿ. ಆಗ ಲೂಯಿವಿಲ್ ಮತ್ತು ನ್ಯಾಶ್‌ವಿಲ್ ನಡುವಿನ ಹಾದಿ ಈ ಮನೆಯ ಮುಂದೆಯೇ ಹೋಗುತ್ತಿತ್ತು. ವರ್ತಕರು, ವಲಸಿಗರು, ಪ್ರವಚನಕಾರರು, ಮತ್ತು ಮಾರಾಟಕ್ಕೆ ಹೊಡೆದುಕೊಂಡು ಹೋಗುವ ಗುಲಾಮರು. ಐದಾರು ವರ್ಷದ ಹುಡುಗ ಅವರನ್ನು ನೋಡಿರಬೇಕು. ಕುಟುಂಬ 1816ರಲ್ಲಿ ಇಂಡಿಯಾನಾಕ್ಕೆ ಹೋದದ್ದು ಸ್ವಲ್ಪ ಮಟ್ಟಿಗೆ ಗುಲಾಮಗಿರಿಯ ಕಾರಣಕ್ಕೆ, ಮುಖ್ಯವಾಗಿ ಜಮೀನಿನ ಹಕ್ಕುಪತ್ರದ ತೊಡಕಿಗೆ ಎಂದು ಲಿಂಕನ್ 1860ರಲ್ಲಿ ಬರೆದರು. ಬೆಳಿಗ್ಗೆ ನೋಡಿದ ಗಡಿಮರದ ಜಾಗವನ್ನು ಇಲ್ಲಿ ಮತ್ತೆ ನೆನೆಯಿರಿ.

ತೊರೆಯ ಪಕ್ಕದ ತಗ್ಗು ಹೊಲದವರೆಗೆ ನಡೆದು ಹೋಗಿ. ಲಿಂಕನ್ ಹೇಳಿದ ಪ್ರಸಂಗ ಇಂತಹ ಹೊಲದ್ದು. ಒಂದು ದಿನ ಉಳಿದ ಹುಡುಗರು ಜೋಳ ಬಿತ್ತಿದರು, ಅಬ್ರಹಾಂ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಕುಂಬಳದ ಬೀಜ ಹಾಕುತ್ತ ಹೋದ. ಮರುದಿನ ಭಾನುವಾರ ಗುಡ್ಡದ ಮೇಲೆ ಭಾರಿ ಮಳೆ. ಕಣಿವೆಯಲ್ಲಿ ಒಂದು ಹನಿಯೂ ಬೀಳಲಿಲ್ಲ. ಆದರೆ ಕಮರಿಗಳಿಂದ ನುಗ್ಗಿದ ನೀರು ಮಣ್ಣು, ಜೋಳ, ಕುಂಬಳದ ಬೀಜ ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತು.

ಅಲ್ಲಿಂದ ಹಿಂದಿರುಗುವಾಗ ಬಂದ ದಾರಿಯನ್ನೇ ಹಿಡಿಯಬೇಕಿಲ್ಲ. ಅದೇ 31ಇ ಹೆದ್ದಾರಿಯಲ್ಲಿ ಮುಂದಕ್ಕೆ ಉತ್ತರಕ್ಕೆ ಹೋದರೆ ಬಾರ್ಡ್ಸ್‌ಟೌನ್ ಸಿಗುತ್ತದೆ, ಅಲ್ಲಿಂದ ಲೂಯಿವಿಲ್‌ಗೆ ನೇರ ದಾರಿ. ಗುಡ್ಡಗಳ ನಡುವೆ ಕತ್ತಲು ಬೇಗ ಇಳಿಯುತ್ತದೆ, ರಸ್ತೆ ತಿರುವುಗಳಿಂದ ಕೂಡಿದೆ. ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಹೊರಡಿ.